ಡಿಶ್‌ವಾಶರಿನ ಡ್ರೈನ್ ಪಂಪ್ ನಿಲ್ಲುತ್ತಲೇ ಇಲ್ಲವಾ? ಪಂಪ್ ಬದಲಿಸುವ ಮೊದಲು ಈ ಕ್ರಮದಲ್ಲಿ ನೋಡಿ

ಮಷಿನ್‌ನ ಕೊಳೆ ನೀರನ್ನು ಹೊರಹಾಕುವ ಡ್ರೈನ್ ಪಂಪ್ ಬಿಡದೆ ಓಡುತ್ತಿದೆ ಅಂದ ಕೂಡಲೇ ಎಷ್ಟೋ ಮನೆಗಳಲ್ಲಿ ಮೊದಲು ಪಂಪನ್ನೇ ಬದಲಿಸುತ್ತಾರೆ. ಹೊಸ ಪಂಪ್ ಕೂರಿಸಿ ಪ್ಲಗ್ ಹಾಕಿದರೆ ಅದೂ ನಿಲ್ಲುವುದಿಲ್ಲ. ನಿಲ್ಲುವುದಾದರೂ ಹೇಗೆ? ಪಂಪಿಗೆ ಸ್ವಂತ ಬುದ್ಧಿ ಇಲ್ಲ. ಕರೆಂಟ್ ಬಂದರೆ ಓಡುತ್ತದೆ, ಹೋದರೆ ನಿಲ್ಲುತ್ತದೆ. ಮಷಿನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಯಾಕೆ ಅದಕ್ಕೆ ಬಿಡದೆ ಕರೆಂಟ್ ಕೊಡುತ್ತಿದೆ ಅನ್ನುವುದನ್ನು ಹುಡುಕಬೇಕು. ಹೆಚ್ಚಿನ ಸಲ ಇರಬಾರದ ಜಾಗದಲ್ಲಿ ನೀರು ಸೇರಿರುತ್ತದೆ. ಇಲ್ಲವೇ ನೀರಿದೆ ಅಂತ ಮಷಿನ್ ತಪ್ಪು ತಿಳಿದಿರುತ್ತದೆ. ಇವೆರಡೂ ಅಲ್ಲ ಅಂತ ಖಚಿತವಾದ ಮೇಲಷ್ಟೇ ಬೋರ್ಡಿನ ಮೇಲೆ ಅನುಮಾನ ಪಡಬೇಕು.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯ ಮನೆಗಳಿಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಇಲ್ಲಿ ನೀರಿನ ಜೊತೆ ಮರಳು ಬರುತ್ತದೆ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುತ್ತಿರುತ್ತದೆ, ಸಿಡಿಲೂ ಬಡಿಯುತ್ತದೆ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಸುಲಭದ್ದು, ಖರ್ಚಿಲ್ಲದ್ದು ಮೊದಲು ಬರುತ್ತದೆ.

ಬೇಕಾಗುವ ಸಾಮಾನು

ಟಾರ್ಚ್, ರಬ್ಬರ್ ಕೈಗವಸು, ದಪ್ಪ ಸ್ಪಾಂಜ್, ಹಳೇ ಟವೆಲ್‌ಗಳು, ಒಂದು ಲೋಟ, ಬಕೆಟ್, ಇಕ್ಕುಳ, ಸ್ಟಾರ್ ಸ್ಕ್ರೂಡ್ರೈವರ್. ಅದರ ಜೊತೆ ಟಾರ್ಕ್ಸ್ ಟಿ15 ಮತ್ತು ಟಿ20 ಬಿಟ್‌ಗಳು ಇರಲಿ. ಡಿಶ್‌ವಾಶರಿನ ಅನೇಕ ಸ್ಕ್ರೂಗಳು ಆರು ಮೂಲೆಯವು, ಅದಕ್ಕೆ ಬೇರೆ ಸ್ಕ್ರೂಡ್ರೈವರ್ ತುರುಕಿದರೆ ತಲೆ ಸವೆದು ಆಮೇಲೆ ಯಾರ ಕೈಗೂ ಬರುವುದಿಲ್ಲ. ಕೊನೆಯ ಹಂತಗಳಿಗೆ ಸಾಧಾರಣ ಮಲ್ಟಿಮೀಟರ್ ಸಾಕು. ಪ್ರತಿ ಭಾಗ ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

1. ಮೊದಲು ನಲ್ಲಿ, ಆಮೇಲೆ ಪ್ಲಗ್

ಇದೊಂದನ್ನು ತಪ್ಪಿಸಬೇಡಿ. ಪಂಪ್ ಸದ್ದು ಮಾಡುತ್ತಿದೆ ಅಂತ ಎಲ್ಲರೂ ಗಾಬರಿಯಿಂದ ಮೊದಲು ಪ್ಲಗ್ ಕೀಳುತ್ತಾರೆ. ನೀರು ಒಳಗೆ ಬಿಡುವ ಇನ್‌ಲೆಟ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೆ, ಅಷ್ಟು ಹೊತ್ತು ಆ ನೀರನ್ನು ಹೊರಗೆ ಎಸೆದು ಅಡುಗೆಮನೆ ಉಳಿಸುತ್ತಿದ್ದದ್ದು ಅದೇ ಪಂಪ್. ಪ್ಲಗ್ ಕಿತ್ತರೆ ಪಂಪ್ ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲ ಅಂಚಿನಿಂದ ನೀರು ನೆಲಕ್ಕೆ ಇಳಿಯುತ್ತದೆ.

ಹಾಗಾಗಿ ಮೊದಲು ಮಷಿನ್‌ಗೆ ನೀರು ಕೊಡುವ ನಲ್ಲಿಯನ್ನು ಪೂರ್ತಿ ಮುಚ್ಚಿ. ಆಮೇಲೆ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಹೊರಗೆ ತೆಗೆಯಿರಿ. ಮಷಿನ್‌ನ ಮೇಲಿನ ಬಟನ್ ಒತ್ತಿ ಆಫ್ ಮಾಡಿದರೆ ಸಾಲದು. ಒಳಗೆ ಕರೆಂಟ್ ಇದ್ದೇ ಇರುತ್ತದೆ.

ರಿಪೇರಿ ಆಗುವ ತನಕ ನಲ್ಲಿ ಮುಚ್ಚಿಯೇ ಇಡಿ. ನಮ್ಮ ಕಡೆ ಮಳೆಗಾಲದ ರಾತ್ರಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಪಂಪ್ ಓಡುತ್ತಿರಲಿ, ನಾಳೆ ನೋಡೋಣ ಅಂತ ನಲ್ಲಿ ಬಿಟ್ಟು ಮಲಗಿದರೆ, ಕರೆಂಟ್ ಹೋದ ಕ್ಷಣವೇ ಮನೆಗೆ ನೀರು ನುಗ್ಗಲು ಶುರು. ಕಬ್ಬಿಣದಂಶ ಇರುವ ಬಾವಿ ನೀರಿನ ಮನೆಗಳಲ್ಲಿ ಹಳೇ ನಲ್ಲಿ ತುಕ್ಕು ಹಿಡಿದು ಪೂರ್ತಿ ಮುಚ್ಚದೇ ಇರುವುದೂ ಉಂಟು. ಅದನ್ನೂ ಪರೀಕ್ಷೆ ಮಾಡಿಕೊಳ್ಳಿ.

2. ನಿಜವಾಗಿಯೂ ಡ್ರೈನ್ ಪಂಪೇ ಓಡುತ್ತಿದೆಯಾ?

ಪ್ರೋಗ್ರಾಂ ಶುರುವಾಗುವಾಗ, ಪ್ರತಿ ತೊಳೆತ ಮುಗಿದಾಗ, ಕೊನೆಯಲ್ಲಿ ಪಂಪ್ ಒಂದೆರಡು ನಿಮಿಷ ಓಡುವುದು ಸಹಜ. ಪ್ರೋಗ್ರಾಂ ಅರ್ಧಕ್ಕೆ ರದ್ದು ಮಾಡಿದರೂ ಓಡಿ ನೀರು ಖಾಲಿ ಮಾಡುತ್ತದೆ. ಕೆಲವು ಮಾದರಿಗಳಲ್ಲಿ ಪಾತ್ರೆ ಒಣಗಿಸಲು ಫ್ಯಾನ್ ಇರುತ್ತದೆ, ಅದು ತುಂಬ ಹೊತ್ತು ಓಡುತ್ತದೆ, ಅದರ ಸದ್ದು ಬೇರೆ. ಡ್ರೈನ್ ಪಂಪ್ ಆದರೆ ಸಣ್ಣಗೆ ಗುಂಯ್ ಅನ್ನುತ್ತದೆ, ಹೊರಹೋಗುವ ಪೈಪನ್ನು ಕೈಯಲ್ಲಿ ಹಿಡಿದರೆ ಅದುರುವುದು ತಿಳಿಯುತ್ತದೆ.

ಸದ್ದು ಅದೇ ಹೌದು ಅಂದರೆ, ನಲ್ಲಿ ಮುಚ್ಚಿದ್ದ ಹಾಗೆಯೇ ಪ್ಲಗ್ ಮತ್ತೆ ಹಾಕಿ, ಒಂದು ನಿಮಿಷ ಸುಮ್ನೆ ಗಮನಿಸಿ. ಮುಂದಿನ ದಾರಿ ಇಲ್ಲಿ ಸಿಗುವ ಉತ್ತರದ ಮೇಲೆ ನಿಂತಿದೆ.

ಬಟನ್ ಒತ್ತುವ ಮೊದಲೇ, ಪ್ಲಗ್ ಹಾಕಿದ ಕೂಡಲೇ ಪಂಪ್ ಓಡುತ್ತಿದೆ, ಒಳಗೆ ನೀರೇ ಇಲ್ಲ ಅಂದರೆ ಮಷಿನ್‌ನ ಹೊಟ್ಟೆಯ ಕೆಳಗೆ ನೀರು ಸೋರಿದೆ ಅಥವಾ ಬೋರ್ಡ್ ಕೆಟ್ಟಿದೆ. ಒಳಗೆ ನೀರು ನಿಂತಿದೆ, ಪಂಪ್ ಓಡಿದರೂ ಇಳಿಯುತ್ತಿಲ್ಲ ಅಂದರೆ ಎಲ್ಲೋ ಕಟ್ಟಿಕೊಂಡಿದೆ. ನಲ್ಲಿ ತೆರೆದಾಗ ಮಾತ್ರ ಹೀಗಾಗುತ್ತದೆ, ಒಳಗೆ ನೀರು ಏರುತ್ತಲೇ ಇದೆ ಅಂದರೆ ಇನ್‌ಲೆಟ್ ವಾಲ್ವ್ ಕಡೆ ನೋಡಬೇಕು.

ಡಿಸ್‌ಪ್ಲೇಯಲ್ಲಿ ಕೋಡ್ ಇದ್ದರೆ ಬರೆದುಕೊಳ್ಳಿ. ಬಾಷ್, ಸೀಮೆನ್ಸ್ ಮಷಿನ್‌ಗಳಲ್ಲಿ ಇ15 ಅಂದರೆ ತಳದಲ್ಲಿ ನೀರು ಸೇರಿದೆ ಅಂತ, ಇ24 ಮತ್ತು ಇ25 ನೀರು ಹೊರಹೋಗದ ತೊಂದರೆಗೆ. ಎಲ್‌ಜಿಯಲ್ಲಿ ಎಇ ಸೋರಿಕೆ, ಎಫ್‌ಇ ಅತಿಯಾಗಿ ನೀರು ತುಂಬಿದ್ದು, ಓಇ ನೀರು ಹೊರಹೋಗದಿರುವುದು. ಸ್ಯಾಮ್‌ಸಂಗ್‌ನಲ್ಲಿ ಎಲ್‌ಸಿ ಸೋರಿಕೆ. ಬೇರೆ ಕಂಪನಿಯದ್ದಾದರೆ ಮಷಿನ್ ಜೊತೆ ಬಂದ ಪುಸ್ತಕದಲ್ಲಿರುತ್ತದೆ.

3. ಒಂದೇ ಒಂದು ಸಲ ರೀಸೆಟ್

ಪ್ಲಗ್ ತೆಗೆದು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಆಮೇಲೆ ನಿಮ್ಮ ಮಾದರಿಗೆ ಹೇಳಿದ ರೀಸೆಟ್ ಮಾಡಿ. ಅನೇಕ ಮಷಿನ್‌ಗಳಲ್ಲಿ ಸ್ಟಾರ್ಟ್ ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿದರೆ ಆಯಿತು. ಕರೆಂಟ್ ಹೋಗಿ ಬಂದಾಗ ಬೋರ್ಡ್ ಗೊಂದಲಕ್ಕೆ ಬಿದ್ದಿದ್ದರೆ ಇಷ್ಟಕ್ಕೇ ಸರಿಹೋಗುತ್ತದೆ.

ಆಗಲಿಲ್ಲವಾ, ಮತ್ತೆ ಮತ್ತೆ ಒತ್ತಬೇಡಿ. ನೀರು ಸೇರಿದ ಕಾರಣ ಹೋಗದೆ ರೀಸೆಟ್‌ನಿಂದ ಪ್ರಯೋಜನ ಇಲ್ಲ. ನೀರಿಲ್ಲದೆ ಓಡುವ ಪಂಪ್ ಬಿಸಿಯಾಗಿ, ಇಲ್ಲದ ಎರಡನೇ ತೊಂದರೆಯನ್ನು ನಾವೇ ತಂದುಕೊಳ್ಳುತ್ತೇವೆ.

4. ಫಿಲ್ಟರ್ ಮತ್ತು ಪಂಪಿನ ಬಾಯಿ

ಪ್ಲಗ್ ತೆಗೆಯಿರಿ. ಕೆಳಗಿನ ಬುಟ್ಟಿ ಹೊರಗೆ ಎಳೆಯಿರಿ. ನಡುವಿನ ಕೊಳವೆಯಂಥ ಫಿಲ್ಟರನ್ನು ಎಡಕ್ಕೆ ತಿರುಗಿಸಿ ಎತ್ತಿ, ಅದರ ಕೆಳಗಿನ ಜಾಲರಿಯನ್ನೂ ತೆಗೆಯಿರಿ. ಫಿಲ್ಟರ್ ಕೂತಿದ್ದ ಗುಂಡಿಯಲ್ಲಿ ನಿಂತ ನೀರನ್ನು ಲೋಟದಿಂದ ಮೊಗೆದು, ಉಳಿದದ್ದನ್ನು ಸ್ಪಾಂಜಿನಿಂದ ಹೀರಿ. ಕೈಗವಸು ಇಲ್ಲದೆ ಗುಂಡಿಗೆ ಕೈ ಹಾಕಲೇಬೇಡಿ. ಒಡೆದ ಲೋಟದ ಗಾಜಿನ ಚೂರು ಬಂದು ಕೂರುವುದು ಅಲ್ಲೇ.

ನಮ್ಮ ಅಡುಗೆಯಲ್ಲಿ ಇಲ್ಲಿ ಸಿಗುವುದು ಕರಿಬೇವಿನ ಕಡ್ಡಿ, ಹುಣಸೆ ನಾರು, ನಿಂಬೆ ಬೀಜ, ತೆಂಗಿನ ಜುಂಗು, ಮೀನಿನ ಮುಳ್ಳು. ಹಲಸಿನ ಕಾಲದಲ್ಲಿ ಇನ್ನೊಂದಿದೆ: ಮೇಣ. ಹಲಸು ಹೆಚ್ಚಿದ ಚಾಕು, ತಟ್ಟೆಯನ್ನು ಹಾಗೇ ಮಷಿನ್‌ಗೆ ಹಾಕಿದರೆ ಮೇಣ ಬಿಸಿನೀರಿಗೆ ಕರಗುವುದಿಲ್ಲ, ಹೋಗಿ ಜಾಲರಿಗೆ ಅಂಟುತ್ತದೆ. ಬ್ರಷ್‌ನಿಂದ ಉಜ್ಜಿದರೂ ಬಿಡದು. ಕೊಬ್ಬರಿ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಆಮೇಲೆ ಸೋಪು ಹಾಕಿ ತೊಳೆದರೆ ಬಿಡುತ್ತದೆ.

ಗುಂಡಿಯ ಬದಿಯಲ್ಲಿ ಪಂಪಿಗೆ ಒಂದು ಸಣ್ಣ ಮುಚ್ಚಳ ಇರುತ್ತದೆ. ಕೆಲವದರಲ್ಲಿ ಚಮಚದ ಹಿಡಿಯಿಂದ ಮೀಟಿ ಎತ್ತಬಹುದು, ಕೆಲವದರಲ್ಲಿ ಸ್ಕ್ರೂ ಇದೆ. ಒಳಗೆ ಪುಟ್ಟ ರೆಕ್ಕೆಚಕ್ರ ಕಾಣುತ್ತದೆ. ಕಸ ತೆಗೆದು ಅದನ್ನು ಬೆರಳಿನಿಂದ ತಿರುಗಿಸಿ ನೋಡಿ. ಅನೇಕ ಪಂಪ್‌ಗಳಲ್ಲಿ ಅದು ಸಲೀಸಾಗಿ ತಿರುಗದೆ ತಡೆತಡೆದು, ಜಿಗಿದ ಹಾಗೆ ತಿರುಗುತ್ತದೆ. ಒಳಗೆ ಅಯಸ್ಕಾಂತ ಇರುವುದರಿಂದ ಅದು ಸರಿಯಾದ ಲಕ್ಷಣ. ಇದನ್ನೇ ಪಂಪ್ ಹಿಡಿದಿದೆ ಅಂದುಕೊಂಡು ಚೆನ್ನಾಗಿರುವ ಪಂಪನ್ನು ಎಸೆಯುತ್ತಾರೆ. ಚೂರೂ ಅಲುಗದಿದ್ದರೆ, ಅಥವಾ ರೆಕ್ಕೆ ಮುರಿದಿದ್ದರೆ ಮಾತ್ರ ಪಂಪ್ ಹೋಗಿದೆ.

ಮುಚ್ಚಳವನ್ನು ಟಕ್ ಅನ್ನುವ ತನಕ ಒತ್ತಿ ಕೂರಿಸಿ. ಅದು ಸಡಿಲ ಇದ್ದರೆ ಪಂಪ್ ಸುಮ್ಮನೆ ನೀರನ್ನು ಕಲಕುತ್ತದೆ, ಹೊರಗೆ ತಳ್ಳುವುದಿಲ್ಲ.

5. ಹೊರಹೋಗುವ ಪೈಪ್

ಶಿವಮೊಗ್ಗ ಪೇಟೆಯ ಮನೆಗಳಲ್ಲಿ ಡ್ರೈನ್ ಪೈಪ್ ಸಿಂಕಿನ ಕೆಳಗೆ ಸೇರಿರುತ್ತದೆ. ಹಳ್ಳಿ ಕಡೆ ಗೋಡೆಗೆ ತೂತು ಮಾಡಿ ಹಿತ್ತಲಿಗೆ, ಬಾಳೆ ಬುಡಕ್ಕೆ ಬಿಡುವುದು ರೂಢಿ. ಬಿಡಬಾರದು ಅಂತಲ್ಲ, ಆದರೆ ಎರಡು ಕಡೆ ಎಚ್ಚರ ಬೇಕು.

ಮೊದಲನೆಯದು ಪೈಪಿನ ತುದಿ. ಮಳೆಗೆ ಮಣ್ಣು ಜರಿದು ಅದು ಹೂತುಹೋಗುತ್ತದೆ, ಇಲ್ಲವೇ ಇರುವೆ ಗೂಡು ಕಟ್ಟುತ್ತದೆ. ಪಂಪ್ ತಳ್ಳಿದ ನೀರು ಹೊರಗೆ ಹೋಗದೆ ವಾಪಸ್ ಬರುತ್ತದೆ. ಮಷಿನ್ ಕಡೆಯಿಂದ ಪೈಪ್ ಬಿಚ್ಚಿ, ಬಕೆಟ್ ಹಿಡಿದು, ಒಂದು ತುದಿಯಿಂದ ನೀರು ಬಿಟ್ಟು ಇನ್ನೊಂದು ತುದಿಯಲ್ಲಿ ರಭಸವಾಗಿ ಬರುತ್ತದಾ ನೋಡಿ.

ಎರಡನೆಯದು ಎತ್ತರ. ಪೈಪನ್ನು ನೇರ ನೆಲಕ್ಕೆ ಇಳಿಸಿದರೆ ನೀರು ತಾನಾಗಿಯೇ ಹರಿದು ಹೋಗುತ್ತದೆ. ಮಷಿನ್ ತುಂಬಿಸುತ್ತದೆ, ಅದು ಖಾಲಿಯಾಗುತ್ತದೆ, ಮತ್ತೆ ತುಂಬಿಸುತ್ತದೆ. ಹೊರಗೆ ಸದಾ ನೀರು ಹರಿಯುವುದು ನೋಡಿ ಪಂಪ್ ನಿಲ್ಲುತ್ತಿಲ್ಲ ಅಂದುಕೊಳ್ಳುತ್ತೇವೆ. ಪೈಪ್ ಒಂದು ಕಡೆಯಾದರೂ ನೆಲದಿಂದ ಮೇಲೆದ್ದು ಆಮೇಲೆ ಇಳಿಯಬೇಕು. ಸಾಮಾನ್ಯವಾಗಿ 40 ಸೆಂ.ಮೀ.ಗಿಂತ ಮೇಲೆ, 100 ಸೆಂ.ಮೀ. ಒಳಗೆ ಅನ್ನುತ್ತಾರೆ, ನಿಮ್ಮ ಮಾದರಿಯ ಪುಸ್ತಕದಲ್ಲಿ ಇರುವುದನ್ನೇ ಪಾಲಿಸಿ. ತುದಿ ಬಕೆಟ್ಟಿನ ಅಥವಾ ಚರಂಡಿಯ ನೀರಿನಲ್ಲಿ ಮುಳುಗಿರಬಾರದು.

ಪೈಪ್ ಉದ್ದಕ್ಕೂ ಕೈಯಾಡಿಸಿ. ಸಾಲಾಗಿ ಹಲ್ಲಿನ ಗುರುತು, ಸಣ್ಣ ತೂತು ಸಿಕ್ಕಿದರೆ ಅದು ಇಲಿ. ಟೇಪ್ ಸುತ್ತಿ ಮುಗಿಸಬೇಡಿ, ಬಿಸಿನೀರಿಗೆ ಬಿಚ್ಚಿಕೊಳ್ಳುತ್ತದೆ. ಪೈಪನ್ನೇ ಬದಲಿಸಿ, ಗೋಡೆಯ ತೂತಿಗೆ ಕಬ್ಬಿಣದ ಜಾಲರಿ ಹೊಡೆಯಿರಿ.

6. ಇನ್‌ಲೆಟ್ ವಾಲ್ವ್ ಪರೀಕ್ಷೆ

ಇದಕ್ಕೆ ಸಾಮಾನೇ ಬೇಡ, ತಾಳ್ಮೆ ಸಾಕು. ಮಷಿನ್‌ನ ಒಳಗಿನ ನೀರು ಪೂರ್ತಿ ತೆಗೆದು ಗುಂಡಿ ಒಣಗಿಸಿ. ಪ್ಲಗ್ ಹೊರಗೇ ಇರಲಿ. ನಲ್ಲಿ ತೆರೆಯಿರಿ. ಅರ್ಧ ಗಂಟೆ ಅಲ್ಲೇ ಸುತ್ತಮುತ್ತ ಇದ್ದು, ಆಗಾಗ ಟಾರ್ಚ್ ಹಾಕಿ ನೋಡಿ. ಕರೆಂಟ್ ಇಲ್ಲದಿದ್ದರೂ ಒಳಗೆ ನೀರು ಬರುತ್ತಿದೆ ಅಂದರೆ ವಾಲ್ವ್ ಮುಚ್ಚುತ್ತಿಲ್ಲ. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಮಲೆನಾಡಿನಲ್ಲಿ ಇದಕ್ಕೆ ದೊಡ್ಡ ಕಾರಣ ಮರಳು. ಗುಡ್ಡದಿಂದ ಪೈಪಿನಲ್ಲಿ ಇಳಿಸಿದ ಅಬ್ಬಿ ನೀರು ಬಳಸುವ ಮನೆಗಳಲ್ಲಿ ಮೊದಲ ಮಳೆಗೆ ಕೆಂಪು ನೀರು, ಎಲೆಚೂರು, ಸಣ್ಣ ಮರಳು ಎಲ್ಲ ಬರುತ್ತದೆ. ವಾಲ್ವ್‌ನ ಒಳಗೆ ತೆಳು ರಬ್ಬರ್ ಪೊರೆ ಇದೆ. ಅದರ ಕೆಳಗೆ ಒಂದು ಮರಳಿನ ಕಾಳು ಸಿಕ್ಕಿದರೂ ಸಾಕು, ನೀರು ಜಿನುಗುತ್ತಲೇ ಇರುತ್ತದೆ.

ನಲ್ಲಿ ಮುಚ್ಚಿ, ಇನ್‌ಲೆಟ್ ಪೈಪ್ ಬಿಚ್ಚಿ. ಒಳಗಿನ ಸಣ್ಣ ಜಾಲರಿಯನ್ನು ಇಕ್ಕುಳದಿಂದ ಮೆಲ್ಲಗೆ ಎಳೆದು ತೊಳೆಯಿರಿ. ಜಾಲರಿ ಹರಿದಿದ್ದರೆ ಹೊಸದು ಹಾಕದೆ ಓಡಿಸಬೇಡಿ. ತೊಳೆದ ಮೇಲೂ ನೀರು ನುಸುಳಿದರೆ ವಾಲ್ವ್ ಬದಲಿಸುವುದೇ ಸರಿ, ಅದನ್ನು ಬಿಚ್ಚಿ ರಿಪೇರಿ ಮಾಡಿದರೆ ಬಾಳಿಕೆ ಬರುವುದಿಲ್ಲ. ಇನ್‌ಲೆಟ್ ಪೈಪಿನ ನಲ್ಲಿ ಕಡೆಯ ತುದಿಯಲ್ಲಿ ದಪ್ಪ ಪ್ಲಾಸ್ಟಿಕ್ ಡಬ್ಬಿ ಇದ್ದರೆ ವಾಲ್ವ್ ಅದರೊಳಗೇ ಇರಬಹುದು. ಅದರಲ್ಲಿ ವೈರ್ ಹೋಗಿರುತ್ತದೆ, ಆ ಪೈಪನ್ನು ಕತ್ತರಿಸಬೇಡಿ, ಡಬ್ಬಿಯನ್ನು ನೀರಲ್ಲಿ ಮುಳುಗಿಸಬೇಡಿ.

ನೀರಿನ ಒತ್ತಡವೂ ಮುಖ್ಯ. ಅನೇಕ ಮಷಿನ್‌ಗಳಿಗೆ ಕನಿಷ್ಠ 0.5 ಬಾರ್ ಬೇಕು, ಅಂದರೆ ಟ್ಯಾಂಕಿನ ನೀರು ಮಷಿನ್‌ಗಿಂತ ಸುಮಾರು 5 ಮೀಟರ್ ಮೇಲಿರಬೇಕು. ಒತ್ತಡ ಕಡಿಮೆಯಾದರೆ ಕೆಲವು ವಾಲ್ವ್‌ಗಳು ಗಟ್ಟಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಹೆಂಚಿನ ಮನೆಯ ಪಕ್ಕದ ಗಿಡ್ಡ ಕಟ್ಟೆಯ ಮೇಲೆ ಟ್ಯಾಂಕ್ ಇಟ್ಟವರು ಇದನ್ನು ಅಳೆದು ನೋಡಿ.

7. ಮಷಿನ್‌ನ ತಳ: ಹೆಚ್ಚಿನವರು ನೋಡದೇ ಬಿಡುವ ಜಾಗ

ಪಾತ್ರೆ ಇಡುವ ಭಾಗದ ಕೆಳಗೆ, ಕಣ್ಣಿಗೆ ಕಾಣದ ಹಾಗೆ ಒಂದು ತಟ್ಟೆ ಇದೆ. ಎಲ್ಲಿ ಸೋರಿದರೂ ನೀರು ಅಲ್ಲಿಗೆ ಇಳಿಯುತ್ತದೆ. ಅದರಲ್ಲಿ ಥರ್ಮಾಕೋಲ್‌ನಂಥ ತೇಲುವ ತುಂಡು, ಅದರ ಮೇಲೆ ಪುಟ್ಟ ಸ್ವಿಚ್. ತಟ್ಟೆಯಲ್ಲಿ ನೀರು ಸೇರಿ ತುಂಡು ತೇಲಿದರೆ ಸ್ವಿಚ್ ಒತ್ತುತ್ತದೆ, ಬೋರ್ಡ್ ಉಳಿದ ಕೆಲಸವನ್ನೆಲ್ಲ ನಿಲ್ಲಿಸಿ ಡ್ರೈನ್ ಪಂಪ್ ಓಡಿಸುತ್ತದೆ. ಪಂಪ್ ಎಳೆಯುವುದು ಮೇಲಿನ ಗುಂಡಿಯ ನೀರನ್ನು, ತಟ್ಟೆಯದ್ದನ್ನಲ್ಲ. ಆದ್ದರಿಂದ ನಾವು ಕೈಯಾರೆ ತಟ್ಟೆ ಒಣಗಿಸುವ ತನಕ ಅದು ಓಡುತ್ತಲೇ ಇರುತ್ತದೆ.

ಪ್ಲಗ್ ತೆಗೆದು, ನಲ್ಲಿ ಮುಚ್ಚಿ, ಬಾಗಿಲ ಕೆಳಗಿನ ಪಟ್ಟಿಯ ಸ್ಕ್ರೂ ಬಿಚ್ಚಿ. ಟಾರ್ಚ್ ಹಾಕಿ. ನೀರು ಕಂಡರೆ ಟವೆಲ್ ತುರುಕಿ ಹೀರಿ. ತಗಡಿನ ಅಂಚು ಕೈ ಕೊಯ್ಯುತ್ತದೆ, ಕೈಗವಸು ತೆಗೆಯಬೇಡಿ.

ಇಡೀ ಮಷಿನ್ ಹಿಂದಕ್ಕೆ ವಾಲಿಸಿ ನೀರು ಸುರಿಸುವ ಉಪಾಯ ಎಲ್ಲರಿಗೂ ಗೊತ್ತು. ಇಬ್ಬರಿದ್ದು ನಿಧಾನ ಮಾಡಿದರೆ ನೀರೇನೋ ಹೋಗುತ್ತದೆ. ಆದರೆ ಆ ನೀರು ವೈರ್‌ಗಳ ಮೇಲೆ ಹರಿಯಬಹುದು, ಮತ್ತು ಎಲ್ಲಿಂದ ಸೋರಿತ್ತು ಅನ್ನುವ ಗುರುತೂ ಅದರ ಜೊತೆ ಅಳಿಸಿ ಹೋಗುತ್ತದೆ. ನನ್ನ ಪ್ರಕಾರ ಟವೆಲ್ಲೇ ಒಳ್ಳೆಯದು. ಆಷಾಢದ ತೇವದಲ್ಲಿ ಅದು ತಾನಾಗಿ ಒಣಗುವುದಿಲ್ಲ. ಒಂದು ರಾತ್ರಿ ಟೇಬಲ್ ಫ್ಯಾನ್ ಹಿಡಿಯಿರಿ.

ಈಗ ಸೋರಿದ್ದು ಎಲ್ಲಿ ಅಂತ ಹುಡುಕಬೇಕು. ನೀರು ಒಣಗಿದ ಕಡೆ ಬಿಳಿ ಗೆರೆ, ಪುಡಿ ಪುಡಿ ಉಪ್ಪಿನಂಥ ಕಲೆ ಉಳಿದಿರುತ್ತದೆ, ಅದನ್ನು ಮೇಲಕ್ಕೆ ಹಿಂಬಾಲಿಸಿ. ಸಿಗಲಿಲ್ಲವಾ, ಒಣಗಿದ ತಟ್ಟೆಯ ಮೇಲೆ ಟಿಶ್ಯೂ ಪೇಪರ್ ಹಾಸಿ. ಅದು ತೇಲುವ ತುಂಡಿಗೂ ಸ್ವಿಚ್ಚಿಗೂ ತಾಗಬಾರದು. ಪಟ್ಟಿಯನ್ನು ಮತ್ತೆ ಮುಚ್ಚಿ, ನಲ್ಲಿ ತೆರೆದು, ಪ್ಲಗ್ ಹಾಕಿ, ಪಾತ್ರೆ ಇಲ್ಲದೆ ಒಂದು ಚಿಕ್ಕ ರಿನ್ಸ್ ಓಡಿಸಿ. ಆಮೇಲೆ ಪ್ಲಗ್ ತೆಗೆದು ಪಟ್ಟಿ ಬಿಚ್ಚಿದರೆ ಯಾವ ಜಾಗದ ಕಾಗದ ಒದ್ದೆ ಅಂತ ಕಾಣುತ್ತದೆ. ಮುಂಭಾಗ ಒದ್ದೆಯಾದರೆ ಬಾಗಿಲ ರಬ್ಬರ್. ನಡುವೆ ಆದರೆ ಗುಂಡಿಯ ಅಥವಾ ತೊಳೆಯುವ ಪಂಪಿನ ಸೀಲ್. ಹಿಂದೆ, ಬದಿಯಲ್ಲಿ ಆದರೆ ಪೈಪಿನ ಕ್ಲಿಪ್. ಪ್ಲಗ್ ಹಾಕಿರುವಾಗ ಪಟ್ಟಿಯೊಳಗೆ ಕೈ ಹಾಕುವುದು ಬೇಡವೇ ಬೇಡ.

ಎಲ್ಲೂ ಸೋರಿಕೆ ಕಾಣದಿದ್ದರೆ ನೊರೆಯನ್ನು ನೆನಪಿಸಿಕೊಳ್ಳಿ. ಡಿಶ್‌ವಾಶರ್ ಪುಡಿ ಮುಗಿದಿದೆ ಅಂತ ಯಾರಾದರೂ ಸಿಂಕಿನ ಲಿಕ್ವಿಡ್ ಹಾಕಿದ್ದರೆ ನೊರೆ ಉಕ್ಕಿ ಬಾಗಿಲ ಅಂಚಿನಿಂದ ತಟ್ಟೆಗೆ ಇಳಿದಿರುತ್ತದೆ. ಮಷಿನ್‌ನಲ್ಲಿ ಏನೂ ಕೆಟ್ಟಿಲ್ಲ. ನೊರೆ ಮೊಗೆದು, ತಣ್ಣೀರು ಸುರಿದು ಖಾಲಿ ಮಾಡಿ, ನೊರೆ ನಿಲ್ಲುವ ತನಕ ಹಾಗೇ ಮಾಡಿ. ನಮ್ಮ ಬಾವಿ, ಅಬ್ಬಿ ನೀರು ಸಾಮಾನ್ಯವಾಗಿ ಮೆದು, ಬಯಲುಸೀಮೆಯ ಬೋರ್ ನೀರಿನಷ್ಟು ಗಡಸಲ್ಲ. ಹಾಗಾಗಿ ಸರಿಯಾದ ಪುಡಿಯನ್ನೂ ಕಡಿಮೆ ಹಾಕಿದರೆ ಸಾಕು.

8. ತೇಲುವ ತುಂಡು, ಸ್ವಿಚ್, ಗಾಳಿಯ ಕೊಳವೆ

ತಟ್ಟೆ ಒಣಗಿದ್ದರೂ ಪಂಪ್ ನಿಲ್ಲುತ್ತಿಲ್ಲವಾ? ಪ್ಲಗ್ ತೆಗೆದು ತುಂಡನ್ನು ಬೆರಳಿನಿಂದ ಎತ್ತಿ ಬಿಡಿ. ಅದು ತಾನಾಗಿ ಕೆಳಗೆ ಬೀಳಬೇಕು. ಕೊಳೆ, ಜಿರಳೆ, ಇರುವೆ ಮಣ್ಣು ಸಿಕ್ಕಿ ಮೇಲೆಯೇ ನಿಂತಿರುತ್ತದೆ.

ಬಿದ್ದರೂ ಸಮಸ್ಯೆ ಹಾಗೇ ಇದ್ದರೆ ಸ್ವಿಚ್ಚಿನ ಕನೆಕ್ಟರ್ ತೆಗೆದು ಮಲ್ಟಿಮೀಟರ್ ಹಿಡಿಯಿರಿ. ಕೆಲವು ಸ್ವಿಚ್ ಒತ್ತಿದಾಗ ಸೇರುತ್ತವೆ, ಕೆಲವು ಒತ್ತಿದಾಗ ಬಿಡುತ್ತವೆ. ಆದ್ದರಿಂದ ಎಷ್ಟು ತೋರಿಸುತ್ತದೆ ಅನ್ನುವುದಕ್ಕಿಂತ, ಎತ್ತಿ ಇಳಿಸಿದಾಗ ಬದಲಾಗುತ್ತದಾ ಅಂತ ನೋಡಿ. ಬದಲಾಗದಿದ್ದರೆ ಸ್ವಿಚ್ ಹೋಗಿದೆ. ಪಂಪ್ ನಿಲ್ಲಲಿ ಅಂತ ಈ ಸ್ವಿಚ್ಚನ್ನು ಶಾಶ್ವತವಾಗಿ ಕಿತ್ತು ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮುಂದಿನ ಸೋರಿಕೆ ನಿಮಗೆ ತಿಳಿಯುವುದು ನೆಲ ಒದ್ದೆಯಾದಾಗ, ಇಲ್ಲವೇ ಶಾಕ್ ಹೊಡೆದಾಗ.

ನೀರಿನ ಮಟ್ಟ ಅಳೆಯಲು ಪ್ರೆಷರ್ ಸ್ವಿಚ್ ಇರುವ ಮಾದರಿಗಳಲ್ಲಿ ಅದಕ್ಕೆ ಹೋಗುವ ಸಣ್ಣ ರಬ್ಬರ್ ಕೊಳವೆಯನ್ನೂ ನೋಡಿ. ಜಿಡ್ಡು ಕಟ್ಟಿದರೆ ಒಳಗೆ ನೀರು ಇದ್ದೇ ಇದೆ ಅಂತ ಮಷಿನ್ ಭಾವಿಸುತ್ತದೆ. ಕೊಳವೆಯನ್ನು ಸ್ವಿಚ್ಚಿನಿಂದ ಬಿಚ್ಚಿ ತೊಳೆಯಿರಿ. ಸ್ವಿಚ್ಚಿನೊಳಗೆ ಊದಬೇಡಿ.

9. ಕೊನೆಗೆ ಬೋರ್ಡ್

ಮೇಲಿನದೆಲ್ಲ ಸರಿ ಇದೆ, ತಟ್ಟೆ ಒಣಗಿದೆ, ಸ್ವಿಚ್ ಕೆಲಸ ಮಾಡುತ್ತಿದೆ, ಆದರೂ ಪ್ಲಗ್ ಹಾಕಿದ ಕ್ಷಣ ಪಂಪ್ ಶುರುವಾಗುತ್ತದೆ ಅಂದರೆ ಬೋರ್ಡಿನ ಮೇಲೆ ಪಂಪಿಗೆ ಕರೆಂಟ್ ಬಿಡುವ ಟ್ರಯಾಕ್ ಅಥವಾ ರಿಲೇ ಶಾರ್ಟ್ ಆಗಿದೆ. ಟ್ರಯಾಕ್ ಕೆಟ್ಟಾಗ ಹೆಚ್ಚಾಗಿ ಕರೆಂಟ್ ಬಿಡುತ್ತಲೇ ಇರುತ್ತದೆ, ತಡೆಯುವುದಿಲ್ಲ. ಸಿಡಿಲು ಬಡಿದ ಮರುದಿನ ಅಥವಾ ವೋಲ್ಟೇಜ್ ಏರುಪೇರಾದ ಮೇಲೆ ತೊಂದರೆ ಶುರುವಾಗಿದ್ದರೆ ಅನುಮಾನ ಇನ್ನೂ ಗಟ್ಟಿ.

ಇಲ್ಲಿಗೆ ನೀವು ನಿಲ್ಲಿಸಿ, ಎಲೆಕ್ಟ್ರಾನಿಕ್ಸ್ ಕೆಲಸ ಬಲ್ಲವರಿಗೆ ಕೊಡಿ. ಪ್ಲಗ್ ತೆಗೆದ ಮೇಲೂ ಬೋರ್ಡಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಕೊಡುವಾಗ ಎರಡು ಮಾತು ಹೇಳಿ. ಇಡೀ ಬೋರ್ಡ್ ಬದಲಿಸುವ ಮೊದಲು ಟ್ರಯಾಕ್ ಒಂದನ್ನೇ ಬದಲಿಸಲು ಆಗುತ್ತದಾ ನೋಡಿ ಅನ್ನಿ, ಖರ್ಚಿನಲ್ಲಿ ತುಂಬ ವ್ಯತ್ಯಾಸ ಇದೆ. ಜೊತೆಗೆ ಪಂಪಿನ ಕಾಯಿಲ್ ಅಳೆಯಲು ಹೇಳಿ. ಹಳೇ ಮಾದರಿಯ 230 ವೋಲ್ಟ್ ಪಂಪ್‌ಗಳಲ್ಲಿ ಅದು ಸಾಮಾನ್ಯವಾಗಿ 100ರಿಂದ 200 ಓಮ್ ಆಸುಪಾಸು ಇರುತ್ತದೆ. ಪಂಪ್ ಸುಟ್ಟು ಟ್ರಯಾಕನ್ನು ಕೊಂದಿದ್ದರೆ, ಟ್ರಯಾಕ್ ಮಾತ್ರ ಬದಲಿಸಿದರೆ ಹೊಸದೂ ಹೋಗುತ್ತದೆ.

ಯಾವ ಹಂತದಲ್ಲಾದರೂ ತಕ್ಷಣ ನಿಲ್ಲಿಸಬೇಕಾದ ಲಕ್ಷಣ

ಸುಟ್ಟ ವಾಸನೆ, ಕರಗಿದ ಕನೆಕ್ಟರ್, ಮುಟ್ಟಿದರೆ ಜುಮ್ ಅನ್ನುವ ಬಾಗಿಲು, ಪ್ಲಗ್ ಹಾಕಿದ ಕೂಡಲೇ ಬೀಳುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸುರಕ್ಷತಾ ಸ್ವಿಚ್). ಬಿದ್ದ ಆರ್‌ಸಿಸಿಬಿಯನ್ನು ಒತ್ತಾಯದಿಂದ ಮತ್ತೆ ಮತ್ತೆ ಎತ್ತಬೇಡಿ. ಮನೆಯಲ್ಲಿ ಆರ್‌ಸಿಸಿಬಿಯೇ ಇಲ್ಲದಿದ್ದರೆ, ಅಥವಾ ಅರ್ತಿಂಗ್ ಸರಿ ಇಲ್ಲದಿದ್ದರೆ, ನೀರು ಸೋರಿದ ಮಷಿನ್‌ಗೆ ಪ್ಲಗ್ ಹಾಕುವ ಪರೀಕ್ಷೆಗಳನ್ನೇ ಮಾಡಬೇಡಿ, ಎಲೆಕ್ಟ್ರಿಷಿಯನ್ ಬರಲಿ.

10. ಸರಿಯಾದ ಮೇಲೆ

ಎಲ್ಲ ಜೋಡಿಸಿ, ನಲ್ಲಿ ತೆರೆದು, ಖಾಲಿ ಮಷಿನ್‌ನಲ್ಲಿ ಒಂದು ಪೂರ್ತಿ ಬಿಸಿ ಪ್ರೋಗ್ರಾಂ ಓಡಿಸಿ. ತಣ್ಣೀರಿನಲ್ಲಿ ಹಿಡಿದ ಸೀಲ್ ಬಿಸಿನೀರಿಗೆ ಸೋರುವುದುಂಟು. ಮುಗಿದ ಮೇಲೆ ತಟ್ಟೆಯನ್ನು ಇನ್ನೊಮ್ಮೆ ಟಾರ್ಚ್ ಹಾಕಿ ನೋಡಿ, ಒಣಗಿದ್ದರೆ ಮಾತ್ರ ಪಟ್ಟಿ ಪೂರ್ತಿ ಬಿಗಿಯಿರಿ.

ಅಬ್ಬಿ ನೀರಿನ ಮನೆಯಾದರೆ ನಲ್ಲಿಗೂ ಮಷಿನ್‌ಗೂ ನಡುವೆ ಮರಳು, ಮಣ್ಣು ತಡೆಯುವ ಒಂದು ಸೆಡಿಮೆಂಟ್ ಫಿಲ್ಟರ್ ಹಾಕಿಸಿ, ಮಳೆ ಶುರುವಾದ ಮೊದಲ ವಾರಗಳಲ್ಲಿ ಅದನ್ನು ಆಗಾಗ ತೊಳೆಯಿರಿ. ಫಿಲ್ಟರ್ ಕಟ್ಟಿಕೊಂಡರೆ ಒತ್ತಡ ಇಳಿದು ವಾಲ್ವ್ ತೊಂದರೆ ಮತ್ತೆ ಬರುತ್ತದೆ. ಪ್ರತಿ ಸಲ ಪಾತ್ರೆ ತೊಳೆದಾದ ಮೇಲೆ ನಲ್ಲಿ ಮುಚ್ಚಿ, ಗುಡುಗು ಶುರುವಾದರೆ ಪ್ಲಗ್ ತೆಗೆದಿಡಿ.